ಗಾದಿಗೆ ಸೇರದ ಎರಡು ಹಿಡಿ ಹತ್ತಿ

ಕೌಲ್ ಬಜಾರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ತಗಡಿನ ಶೆಡ್ಡಿನೊಳಗೆ ಹೊನ್ನೂರಮ್ಮ ಹಿಂಜುವ ಬಿಲ್ಲಿನ ಹುರಿಗೆ ಕೊಡತಿಯಿಂದ ಬಡಿಯುತ್ತಾರೆ. ಹಳೆ ಗಾದಿಯ ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಮೇಲೇಳುತ್ತದೆ, ಬಾಗಿಲ ಸಂದಿಯ ಎಳೆಬೆಳಕಿನಲ್ಲಿ ಕೆಳಗಿಳಿಯುವ ಮನಸ್ಸೇ ಇಲ್ಲದಂತೆ ತೇಲುತ್ತದೆ. ನನ್ನ ರೆಪ್ಪೆಯ ಮೇಲೂ ಹತ್ತಿ. ಐದು ನಿಮಿಷ ಕೂತರೆ ನಿದ್ದೆಯೋ ಎಚ್ಚರವೋ ತಿಳಿಯುವುದಿಲ್ಲ.

“ಬಾಯಿ ಮುಚ್ಕೊಂಡು ಕುಂದರ್ರಿ ಅಪ್ಪಾ, ಇಲ್ಲಾಂದ್ರ ಹೊಟ್ಟ್ಯಾಗ ದಿಂಬು ಆಕ್ಕತಿ,” ಎನ್ನುತ್ತಾರೆ.

ಐವತ್ತೆರಡರ ಹೊನ್ನೂರಮ್ಮ ಪಿಂಜಾರರ ಮನೆಯ ಮಗಳು. ದಿನಕ್ಕೆ ಎರಡು ಗಾದಿ, ನಾಲ್ಕು ತಲೆದಿಂಬು ಹಿಂಜುವುದು ವಾಡಿಕೆ. ಬಿಲ್ಲು ಹೆಗಲಿಗೇರಿಸಿ ಮೋಕ ಹಳ್ಳಿಯವರೆಗೂ ನಡೆದೇ ಹೋಗುತ್ತಿದ್ದ ಕಾಲವಿತ್ತು. ಸಿರುಗುಪ್ಪದ ಮದುವೆಮನೆಗಳಿಗೆ ಇವರ ಕೈಯ ಗಾದಿಯೇ ಆಗಬೇಕಿತ್ತು. ಈಗ ಬಲಗೈ ಹೆಬ್ಬೆರಳು ಮಡಚುವುದಿಲ್ಲ, ಕೆಮ್ಮು ಬಿಡುವುದಿಲ್ಲ.

ನಾನು ಬಂದದ್ದು ಗಾದಿ ನೋಡಲಲ್ಲ. ಶೆಡ್ಡಿನ ಹಿಂಬದಿಯಲ್ಲಿ ಏಳು ಆಕೃತಿಗಳಿವೆ. ಒಂದು ಕುರುಗೋಡಿನ ಕರಿಕಲ್ಲು. ಅದರ ತೂತಿನಿಂದ ಹತ್ತಿ ಉಕ್ಕಿ ಬಂದಿದೆ. ಇನ್ನೊಂದರಲ್ಲಿ ಹತ್ತಿ ಗಿರಣಿಯ ತುಕ್ಕು ಹಿಡಿದ ಹಲ್ಲುಚಕ್ರ ಹತ್ತಿಯ ಗುಡ್ಡೆಯೊಳಗೆ ಅರ್ಧ ಮುಳುಗಿದೆ, ಒಂದು ಹಲ್ಲಿಗೂ ಒಂದೆಳೆ ಸಿಕ್ಕಿಲ್ಲ. ಮನುಷ್ಯನೂ ಅಲ್ಲ, ಮೃಗವೂ ಅಲ್ಲ, ದೇವರಂತೂ ಅಲ್ಲ. ದೊಡ್ಡ ಊರಿನ ಕಲಾವಿದರು ಇದನ್ನು ಮಾಡಿದ್ದರೆ ನಾವು ಪತ್ರಿಕೆಯವರು ಅರ್ಥವಾಗದಿದ್ದರೂ ತಲೆಯಾಡಿಸಿ ‘ನವ್ಯ ಶಿಲ್ಪ’ ಎಂದು ಬರೆಯುತ್ತಿದ್ದೆವು. ಹೊನ್ನೂರಮ್ಮ ಮಾಡಿದ್ದರಿಂದ ‘ಇದೇನು?’ ಎಂದು ಕೇಳುವ ಧೈರ್ಯ ಬಂದಿದೆ.

ಸತ್ತವರ ಗಾದಿಯನ್ನು ಇಲ್ಲಿನ ಎಷ್ಟೋ ಮನೆಗಳಲ್ಲಿ ಮತ್ತೆ ಬಳಸುವುದಿಲ್ಲ. ಊರಾಚೆ ಸುಟ್ಟುಬಿಡಿ ಎಂದು ಪಿಂಜಾರರ ಕೈಗೆ ಕೊಡುತ್ತಾರೆ. ಹತ್ತಿ ಗಿರಣಿಯ ಫಿಟ್ಟರ್ ಆಗಿದ್ದ ಗಂಡ ಇಮಾಮಹುಸೇನ್ ಕೆಲವು ವರ್ಷಗಳ ಹಿಂದೆ ತೀರಿಕೊಂಡಾಗ, ಅವರ ಗಾದಿಯನ್ನೂ ಹೊನ್ನೂರಮ್ಮನೇ ಒಯ್ದರು.

“ಕಡ್ಡಿ ಗೀರಿದ್ನಿ. ಕೈ ಕೇಳಲಿಲ್ಲರಿ. ಎರಡು ಹಿಡಿ ತಕ್ಕೊಂಡು ಉಡ್ಯಾಗ ಕಟ್ಟಿಗೊಂಡು ಬಂದ್ನಿ. ಹಿಂಜಿದ್ರ ಹೊಸಾದರ ಹಂಗ ಅರಳ್ತು. ಅವರ ಗಿರಣಿ ಚಕ್ರದಾಗ ಇಟ್ನಿ.”

ಆಮೇಲೆ ಮನಸ್ಸಿಗೆ ಹತ್ತಿರವಾಗಿದ್ದ ಇನ್ನೂ ಆರು ಮಂದಿಯ ಎರಡೆರಡು ಹಿಡಿ ಉಳಿದವು. ಕಲ್ಲಿಗೆ ತೂತು ಕೊರೆದುಕೊಡುವವರು ಕುರುಗೋಡಿನ ಉಜ್ಜಿನಪ್ಪ. ಯಾಕೆಂದು ಅವರು ಈವರೆಗೆ ಕೇಳಿಲ್ಲ.

ಕೇಳದೆಯೇ ತಿಳಿದುಕೊಂಡವರು ಬೇಕಾದಷ್ಟಿದ್ದಾರೆ. ಸತ್ತವರ ಹತ್ತಿಯನ್ನು ಮದುವೆ ಗಾದಿಗೆ ಬೆರೆಸುತ್ತಾಳಂತೆ ಎಂಬ ಸುದ್ದಿ ಸಿರುಗುಪ್ಪವನ್ನೂ ಮುಟ್ಟಿದೆ. ಮೂರು ತಿಂಗಳಿಂದ ಒಂದೂ ಮದುವೆ ಗಾದಿ ಬಂದಿಲ್ಲ. ಏಳನ್ನೂ ಸುಟ್ಟುಬಿಡು ಎಂದು ಓಣಿಯವರ ಬುದ್ಧಿವಾದ. ಸುಟ್ಟರೆ ಕಸುಬು ಉಳಿದೀತು, ಉಳಿಸಿಕೊಂಡರೆ ಬಿಲ್ಲು ಗೋಡೆ ಸೇರೀತು.

ಎಂಟು ಗಂಟೆಗೆ ಸಿರುಗುಪ್ಪದ ಕೊಟ್ರಬಸಮ್ಮ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮೊದಲ ಬಸ್ಸು ಹಿಡಿದು ಬಂದಿದ್ದಾರೆ. ಹೋದ ವರ್ಷ ತೀರಿಕೊಂಡ ಅವರ ಅತ್ತೆಯ ಗಾದಿಯನ್ನು ಒಯ್ದದ್ದು ಹೊನ್ನೂರಮ್ಮನೇ.

“ನಮ್ಮತ್ತಿ ಹತ್ತಿ ಎಲ್ಲೈತಿ, ತೋರ್ಸು.”

ಹೊನ್ನೂರಮ್ಮ ಅವರನ್ನು ಹಿಂಬದಿಗೆ ಕರೆದೊಯ್ದು ಕರಿಕಲ್ಲಿನ ಮುಂದೆ ನಿಲ್ಲಿಸುತ್ತಾರೆ.

“ಇದು ನಮ್ಮತ್ತಿ ಹಂಗಿಲ್ಲಲ್ಲ?”

“ಮಾರಿ ಮಾಡಿಲ್ಲವ್ವಾ. ಹಿಂಜೂವಾಗ ಆಕಿ ನೆನಪಾದ್ಲು. ಬಾಗಲದಾಗ ನಿಂದ್ರಿಸಿ ಬೈಯಾಕಿ. ಬೈದಾದ ಮ್ಯಾಲ ಉಣಿಸದ ಕಳಿಸ್ತಿದ್ದಿಲ್ಲ.”

ಕೊಟ್ರಬಸಮ್ಮ ನಗಲು ಹೋಗಿ ಅತ್ತುಬಿಡುತ್ತಾರೆ. ಕಲ್ಲಿನಿಂದ ಉಕ್ಕಿದ ಹತ್ತಿಗೆ ಬೆರಳು ಸೋಕಿಸುತ್ತಾರೆ. ಉಳಿದ ಆರನ್ನೂ ಒಂದೊಂದಾಗಿ ನೋಡುತ್ತಾರೆ. ಆಮೇಲೆ ಊರಿನ ಬಾಯಿಯೆಲ್ಲ ನನ್ನದೇ ಎಂಬಂತೆ ನನ್ನತ್ತ ತಿರುಗುತ್ತಾರೆ.

“ಬೆರೆಸಾಕಿ ಆಗಿದ್ರ ಇಷ್ಟು ಜ್ವಾಕಿ ಮಾಡಿ ಬ್ಯಾರೆ ಇಡ್ತಿದ್ಳೇನ್ರಿ?”

“ಅಕ್ಕಾ, ಮಗಳ ಮದುವಿ ಐತಿ. ಗಾದಿ ನೀನ ಹಿಂಜಬೇಕು,” ಎಂದು ಹೊನ್ನೂರಮ್ಮನಿಗೆ ಹೇಳಿ, ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಡುತ್ತಾರೆ.

ನಾನು ಪೆನ್ನು ತೆರೆದು, ಈ ಶಿಲ್ಪಗಳಿಗೆ ಏನೆಂದು ಹೆಸರು ಬರೆಯಲಿ ಎಂದು ಕೇಳುತ್ತೇನೆ. ಹೊನ್ನೂರಮ್ಮ ಆಗಲೇ ಬಿಲ್ಲಿಗೆ ಕೈ ಹಾಕಿದ್ದಾರೆ.

“ಅವಕ್ಕ ಹೆಸರು ಬ್ಯಾಡ್ರಿ ಅಪ್ಪಾ. ಹೊನ್ನೂರಮ್ಮ ಹತ್ತಿ ಬೆರೆಸೂದಿಲ್ಲ ಅಂತ ಬರೀರಿ. ದಪ್ಪ ಅಕ್ಷರದಾಗ ಬರೀರಿ.”