ಅಡುಗೆಮನೆಯ ಗೋಡೆಯಾಚೆಯ ಪಾದರಸ

ದನದ ಕೊಟ್ಟಿಗೆಯನ್ನು ಬಾಡಿಗೆಗೆ ಕೊಟ್ಟವರು ನಾವೇ. ನಾನು ಇಲ್ಲಿ ಹೇಳಬೇಕಾದ ತಪ್ಪುಗಳಲ್ಲಿ ಅದು ಮೊದಲನೆಯದು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕಂಬಂ ಕಣಿವೆಯ ನಮ್ಮೂರಿನಲ್ಲಿ ಎತ್ತುಗಳನ್ನು ಮಾರಿ, ಉಳುಮೆಗೆ ಟ್ರ್ಯಾಕ್ಟರ್ ಕರೆಸುವ ಕಾಲ ಬಂದಿತ್ತು. ಖಾಲಿ ಬಿದ್ದ ಕೊಟ್ಟಿಗೆಯನ್ನು ತೇನಿಯ ಕಡೆಯವನೊಬ್ಬ ಕೇಳಿದ. ಅಕ್ಕಸಾಲಿಗರ ಅಂಗಡಿಗಳ ಕಸ ಮತ್ತು ಬೂದಿಯನ್ನು ಮೂಟೆಗಳಲ್ಲಿ ತಂದು, ನೀರು ಬೆರೆಸಿ, ಪಾದರಸ ಹಾಕಿ ತಿಕ್ಕುವುದು ಅವನ ಕಸುಬು. ಕಸದೊಳಗಿನ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಆ ಉಂಡೆಯನ್ನು ಮೂಸೆಯಲ್ಲಿಟ್ಟು ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆವಿ ಎಲ್ಲಿಗೆ ಹೋಗುತ್ತದೆಂದು ಅವನು ಯೋಚಿಸಲಿಲ್ಲ, ನನ್ನ ಅಣ್ಣ ಕೇಳಲಿಲ್ಲ. ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ; ಅದೂ ಸೂರನ್ನು ಮುಟ್ಟದ ಗೋಡೆ.

ಪ್ರಶ್ನೆ ಕೇಳುವುದನ್ನೇ ಪಾಠವಾಗಿ ಕಲಿಸುತ್ತಿದ್ದ ಶಾಲೆಯಲ್ಲಿ ಓದಿದವನು ನಾನು. ಆಗ ದಿಂಡಿಗಲ್ಲಿನಲ್ಲಿದ್ದೆ, ಚರ್ಮ ಹದಮಾಡುವ ಕಾರ್ಖಾನೆಗಳಿಂದ ಹರಿದು ಬಾವಿ ಸೇರುವ ನೀರನ್ನು ಪರೀಕ್ಷಿಸಿ ಅಧಿಕಾರಿಗಳ ಮುಂದಿಡುವ ಸಣ್ಣ ಗುಂಪೊಂದರಲ್ಲಿ ದುಡಿಯುತ್ತಿದ್ದೆ. ರಜೆಗೆ ಊರಿಗೆ ಬಂದಾಗ ಆ ಮೂಸೆಯನ್ನು ಕಂಡೆ. ಮುಂದಿನ ವಾರ ಗಾಳಿಯಲ್ಲಿನ ಪಾದರಸವನ್ನು ಅಳೆಯುವ ಪೆಟ್ಟಿಗೆಯೊಂದನ್ನು ಎರವಲು ತಂದೆ. ಅದರೊಳಗೆ ಚಿನ್ನದ ತೆಳುವಾದ ಹಾಳೆಯಿತ್ತು. ಗಾಳಿಯಲ್ಲಿರುವ ಪಾದರಸ ಅದಕ್ಕೆ ಅಂಟಿದಷ್ಟೂ ಅಂಕಿ ಏರುತ್ತದೆ. ಕೊಟ್ಟಿಗೆಯವನ ಕಸುಬೂ ಪೆಟ್ಟಿಗೆಯ ಕಸುಬೂ ಒಂದೇ.

ಬೀದಿಯಲ್ಲಿ ಅಂಕಿ ಕದಲಲಿಲ್ಲ. ನಡುಮನೆಯಲ್ಲಿ ಸ್ವಲ್ಪ ಏರಿತು. ಅಡುಗೆಮನೆಯ ಒಲೆಯ ಬಳಿ, ಅತ್ತಿಗೆ ಕೂರುವ ಮಣೆಯ ಎತ್ತರಕ್ಕೆ ಪೆಟ್ಟಿಗೆಯ ಕೊಳವೆಯನ್ನು ಹಿಡಿದಾಗ ಏರಿದ ಅಂಕಿ ಇಳಿಯಲೇ ಇಲ್ಲ. ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

"ಏನು ತಂಬಿ, ನಮ್ಮ ಕೊಳಂಬಿಗೂ ಮಿಷಿನ್ ಇಟ್‌ಬಿಟ್ಟೆಯಾ?" ಒಲೆಯ ಮೇಲಿನ ಸಾರನ್ನು ಕೈಯಾಡಿಸುತ್ತ ಅತ್ತಿಗೆ ನಕ್ಕರು. "ಉಪ್ಪು ಕಮ್ಮಿ ಇದ್ರೆ ಹೇಳ್ತದಾ ಅದು?"

ಅವರಿಗೆ ಆಗ ನಾಲ್ಕು ತಿಂಗಳು. ಬಸುರಿಯೆಂಬ ಕಕ್ಕುಲಾತಿಯಿಂದ ದ್ರಾಕ್ಷಿ ಚಪ್ಪರದ ಕೆಲಸ ಬಿಡಿಸಿ, ಇಡೀ ದಿನ ನೆರಳಿನಲ್ಲಿ, ಅಂದರೆ ಆ ಗೋಡೆಯ ಪಕ್ಕದಲ್ಲಿ, ಅವರನ್ನು ಕೂರಿಸಿದ್ದವರೂ ನಾವೇ.

ಗಾಳಿಯಲ್ಲಿದ್ದುದು ದೇಹಕ್ಕೆ ಎಷ್ಟು ಸೇರಿದೆಯೆಂದು ತಿಳಿಯಲು ಬೆಳಗಿನ ಮೊದಲ ಮೂತ್ರವನ್ನು ಪರೀಕ್ಷಿಸಬೇಕು. ಅತ್ತಿಗೆಯ ಮುಂದೆ ಆ ಮಾತೆತ್ತಲು ನನಗೆ ಸಂಕೋಚವಾಯಿತು. ಅಣ್ಣನಿಗೆ ಹೇಳಿದೆ, ಪಾದರಸ ಮೈಗೆ ಸೇರಿದರೆ ಕೈ ನಡುಗುತ್ತದೆಂದೂ ಹೇಳಿದೆ; ಅಣ್ಣ ಎಲ್ಲವನ್ನೂ ಅವ್ವನಿಗೆ ಹೇಳಿದ. ಮರುದಿನ ಅವ್ವ ಸೆರಗಿನ ಮರೆಯಲ್ಲಿ ಶೀಶೆಯನ್ನು ತಂದುಕೊಟ್ಟಳು. ಅದರ ಮೇಲೆ ಅತ್ತಿಗೆಯ ಹೆಸರು ಬರೆದು ಮದುರೆಯ ಪ್ರಯೋಗಾಲಯಕ್ಕೆ ಒಯ್ದೆ.

ಹೆಚ್ಚೇನೂ ಇಲ್ಲವೆಂದು ವರದಿ ಬಂತು.

"ನಿನ್ನ ಪಳ್ಳಿಕೂಡದಾಗೆ ಬೆದರಿಸೋದು ಒಂದೇ ಕಲಿಸಿದ್ರಾ?" ಎಂದ ಅಣ್ಣ. ಕೊಟ್ಟಿಗೆಯವನು ಉಳಿದ. ಪೆಟ್ಟಿಗೆ ಒಂದು ಹೇಳಿತ್ತು, ಶೀಶೆ ಇನ್ನೊಂದು ಹೇಳಿತ್ತು. ಎರಡೂ ಏಕೆ ಹೊಂದುವುದಿಲ್ಲವೆಂದು ಊರೂರಿನ ಅಧಿಕಾರಿಗಳನ್ನು ಕೇಳಬಲ್ಲ ನಾನು, ನನ್ನ ಮನೆಯಲ್ಲಿ ಸಮಾಧಾನ ಕೊಟ್ಟದ್ದನ್ನು ನಂಬಿದೆ.

ಮೂರು ತಿಂಗಳ ಮೇಲೆ ನಾನು ಮತ್ತೆ ಊರಿಗೆ ಬಂದಿದ್ದಾಗ, ಒಂದು ಬೆಳಿಗ್ಗೆ ಅತ್ತಿಗೆ ಬಾಗಿಲ ಮುಂದೆ ಚುಕ್ಕಿ ರಂಗೋಲಿಯ ಕೋಲ ಹಾಕುತ್ತಿದ್ದರು. ಚುಕ್ಕಿಗಳು ಸಾಲಾಗಿಯೇ ಇದ್ದವು. ಅವುಗಳನ್ನು ಸುತ್ತಿ ಬರಬೇಕಾದ ಗೆರೆ ಮಾತ್ರ ನಡುಗುತ್ತಿತ್ತು. ಅವರು ಅಳಿಸಿ ಮತ್ತೆ ಎಳೆದರು. ಅದೂ ನಡುಗಿತು.

"ಬಸುರಿ ಕೈ ತಂಬಿ, ಹಂಗೇ ಆಡ್ತದೆ," ಎಂದು ಕೈಯನ್ನು ಸೀರೆಗೆ ಒರೆಸಿಕೊಂಡರು.

ನೀರಿನ ಬಿಂದಿಗೆ ಹೊತ್ತು ಬಂದ ಅವ್ವ ಆ ಗೆರೆಯನ್ನು ನೋಡಿದಳು. ಬಿಂದಿಗೆ ಇಳಿಸಿ ಜಗುಲಿಯ ಮೇಲೆ ಕೂತಳು.

"ಆ ಬಾಟ್ಲು ನಂದು, ಅಯ್ಯಾ."

"ಯಾವ ಬಾಟ್ಲು?"

"ಮದುರೆಗೆ ತಕ್ಕೊಂಡು ಹೋದ್ಯಲ್ಲ, ಅದು. ಬಸುರಿ ಹೆಂಗಸಿಂದು ಯಾವನ ಕೈಗೋ ಸಿಕ್ಕಿ ಸೆಯ್‌ವಿನೆ ಮಾಡ್‌ಬಿಟ್ರೆ? ಅದಕ್ಕೇ ನಾನೇ ತುಂಬಿಸಿ ಕೊಟ್ಟೆ. ಯಾರ್ದಾದ್ರೆ ಏನು, ಎಲ್ಲಾರೂ ಒಂದೇ ಪಾನೆಯಾಗೆ ಬೆಂದ ಅನ್ನ ತಾನೇ ತಿನ್ನೋದು?"

ಮಾಟಕ್ಕೆ ಹೆದರಿದ ಅವ್ವ ಸೊಸೆಗೆ ಒಂದು ಮಾತನ್ನೂ ಹೇಳಿರಲಿಲ್ಲ. ತನ್ನ ಹೆಸರಿನ ಶೀಶೆಯೊಂದು ಮದುರೆಗೆ ಹೋಗಿ ಬಂದದ್ದೇ ಅತ್ತಿಗೆಗೆ ಗೊತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ದ್ರಾಕ್ಷಿ ತೋಟದಲ್ಲಿರುವ ಅವ್ವನ ದೇಹದಲ್ಲಿ ಪಾದರಸ ಕಾಣದಿದ್ದುದು ಸಹಜವೇ. ಅವ್ವನನ್ನು ಬೈಯುವ ಹಕ್ಕು ನನಗಿರಲಿಲ್ಲ. ಯಾರ ದೇಹದಿಂದ ಏನನ್ನು ಕೇಳುತ್ತಿದ್ದೆನೋ ಅವರಿಗೇ ಹೇಳದೆ ಗಂಡಸರ ನಡುವೆ ಮಾತು ಮುಗಿಸಿದವನು ನಾನು. ಅಣ್ಣ ಆವತ್ತೇ ಕೊಟ್ಟಿಗೆಯವನನ್ನು ಬಿಡಿಸಿದ. ಮೂಟೆಗಳನ್ನು ಎತ್ತುವಾಗ ಅವನ ಕೈಗಳು ಅತ್ತಿಗೆಯ ಕೈಗಳಿಗಿಂತ ಹೆಚ್ಚು ನಡುಗುತ್ತಿದ್ದುದನ್ನು ಆಗ ಕಂಡೆ. ಅವನಿಗೊಂದು ಶೀಶೆ ಕೊಡಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅದೂ ತಪ್ಪೇ.

ಎರಡನೆಯ ಶೀಶೆಯನ್ನು ಅತ್ತಿಗೆಯೇ ನನ್ನ ಕೈಗೆ ಕೊಟ್ಟರು. ವರದಿಯ ಅಂಕಿಯ ಕೆಳಗೆ ಪ್ರಯೋಗಾಲಯದವರು ಎರಡು ಗೆರೆ ಎಳೆದಿದ್ದರು. ಆ ಮನೆಯಿಂದ ದೂರ ಇದ್ದರೆ ತಾಯಿಯ ದೇಹದಿಂದ ಮೆಲ್ಲಗೆ ಇಳಿಯುತ್ತದೆ ಎಂದರು ವೈದ್ಯರು. ಮಗುವಿನ ಬಗ್ಗೆ ಕೇಳಿದೆ. ಅವರು ಕಾಗದವನ್ನು ಮಡಿಸಿ ಕೊಟ್ಟರು.

ಅತ್ತಿಗೆಯನ್ನು ಅವರ ತವರು ವೇದಸಂದೂರಿಗೆ ಕಳಿಸುವುದೆಂದಾಯಿತು. ಅವ್ವ ಜೊತೆಗೆ ಹೊರಟಳು. ಬಸ್ಸಿನ ಕಿಟಕಿಯ ಬಳಿ ಕೂತ ಅತ್ತಿಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕರೆದರು.

"ಗಾಳಿಗೆ ಪೆಟ್ಟಿಗೆ ಇಟ್ಟೆ. ನನಗೆ ಬಾಟ್ಲು ಇಟ್ಟೆ. ಇದನ್ನ ಅಳೆಯೋಕೆ ಏನಿದೆ ತಂಬಿ?"

ಕಂಡಕ್ಟರ್ ಸೀಟಿ ಊದಿದ.

"ಹುಟ್ಟಲಿ ತಾಯಿ, ನೋಡೋಣ," ಎಂದಳು ಅವ್ವ, ನನ್ನ ಮುಖ ನೋಡದೆ. ಸೊಸೆಯ ನಡುಗುವ ಕೈಯನ್ನು ತನ್ನೆರಡು ಕೈಗಳಲ್ಲಿ ಅದುಮಿ ಹಿಡಿದಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಹಾಗೆಯೇ ಹಿಡಿದಿದ್ದಳು.