ರಂಗಮ್ಮನ ರಾಗಿಯ ಕಹಿ

ಲೋಟ ಚಿಕ್ಕದಾದಷ್ಟೂ ಅದರ ಬಗ್ಗೆ ಆಡುವ ಮಾತು ದೊಡ್ಡದಾಗುತ್ತದೆ ಎಂಬುದು, ಓದುಗ ಮಹಾಶಯರೇ, ಶಿರಾದ ಹೆದ್ದಾರಿ ಬದಿಗೆ ಹೊಸದಾಗಿ ಬಂದಿರುವ ರಾಗಿ ಬಿಯರಿನ ಬ್ರೂವರಿಯಲ್ಲಿ ನನಗಾದ ಜ್ಞಾನೋದಯ. ತೂತು ಕೊರೆದ ಹಲಗೆಯಲ್ಲಿ ಮಕ್ಕಳಿಗೆ ಔಷಧಿ ಕುಡಿಸುವ ಗಾತ್ರದ ನಾಲ್ಕು ಲೋಟ. ಒಂದೊಂದಕ್ಕೂ ಮ್ಯಾನೇಜರನ ಕಾಲುಗಂಟೆಯ ಪ್ರವಚನ. ನಿವೃತ್ತ ಮೇಷ್ಟರಾದ ನನಗೇ ಆಕಳಿಕೆ ಬಂತೆಂದರೆ ಅದರ ಮಟ್ಟವನ್ನು ನೀವೇ ಊಹಿಸಿಕೊಳ್ಳಿ.

ನಾನು ಹೋದದ್ದು ಕುಡಿಯುವುದಕ್ಕಲ್ಲ, ಜಗಳಕ್ಕೆ. ಪಕ್ಕದ ಮನೆಯ ರಂಗಮ್ಮ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ರಾಗಿಯ ಗಂಜಿ ಕುಡಿದೇ ನಮ್ಮ ಬೀದಿಯ ಮಕ್ಕಳೆಲ್ಲ ಮೈತುಂಬಿಕೊಂಡವು. ಬ್ರೂವರಿಗೂ ಆಕೆಯದೇ ಮೊಳಕೆ ರಾಗಿ. ಈ ಸಲದ ಬಿಯರು ಬಾಯಿಗಿಡಲಾಗದಷ್ಟು ಕಹಿಯಾದದ್ದೇ ತಡ, ‘ರಂಗಮ್ಮನ ರಾಗಿ ಕೆಟ್ಟಿದೆ’ ಎಂದು ಮ್ಯಾನೇಜರ್ ಊರಿಗೆಲ್ಲ ಸಾರಿದ. ಕೂಸಿರುವ ಮನೆಯವರೂ ಆಕೆಯ ಬಾಗಿಲಿಗೆ ಬರುವುದನ್ನು ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಆಕೆಯನ್ನೂ ಕರೆದುಕೊಂಡೇ ಹೊರಟೆ.

ಮೊದಲ ಲೋಟ ಬಾಯಿಗಿಟ್ಟೆ. ಬೇವಿನ ಕಷಾಯವೇ ವಾಸಿ.

“ಕಹಿಯೆಲ್ಲಾ ಆಯಮ್ಮನ ರಾಗೀದು ಸಾರ್,” ಎಂದ ಮ್ಯಾನೇಜರ್, ಆಕೆ ಅಲ್ಲಿ ನಿಂತೇ ಇಲ್ಲವೆಂಬಂತೆ.

ರಂಗಮ್ಮ ಮೇಜಿನ ಮೇಲೆ ಅಲಂಕಾರಕ್ಕಿಟ್ಟಿದ್ದ ಗಾಜಿನ ಜಾಡಿಯಿಂದ ಚಿಟಿಕೆ ರಾಗಿ ತೆಗೆದು ಅಗಿದಳು. “ರಾಗಿ ಕೆಟ್ಟಿಲ್ಲ ಕಣಪ್ಪ. ಒಣಗಿದ್ಮೇಲೆ ಗೋಣಿಚೀಲದ ಮೇಲೆ ತಿಕ್ಕಿ ಮೊಳಕೆ ಉದುರಿಸ್ಬೇಕು, ಕಹಿ ಇರೋದೇ ಅದ್ರಾಗೆ. ಮೊಳಕೆ ಇದ್ರೆ ಜಾಡೀಲಿ ಚೆಂದ ಕಾಣ್ತೈತೆ, ಅಂಗೇ ಇರ್ಲಿ ಅಂತ ಈ ಸಲ ನೀವೇ ಹೇಳ್ಕಳ್ಸಿದ್ರಿ.”

ಇನ್ನು ನನ್ನನ್ನು ಹಿಡಿಯುವವರುಂಟೆ? ಕಣ್ಣಿನ ಚೆಂದಕ್ಕಾಗಿ ನಾಲಿಗೆಗೆ ಕಹಿ ಬಡಿಸಿ, ಅಪವಾದವನ್ನು ದುಡಿದವಳ ತಲೆಗೆ ಕಟ್ಟುವ ಈ ನಾಗರಿಕತೆಯನ್ನು ತತ್ಸಮ ತದ್ಭವಗಳೆರಡರಲ್ಲೂ ಬೈದೆ. ಲೋಟ ಹಿಡಿದವರೆಲ್ಲ ತಿರುಗಿ ನೋಡಿದರು.

ಮ್ಯಾನೇಜರ್ ಬೆವರಿದ. “ಹೇಳಿದ್ದು ನಿಜ ಸಾರ್. ಆದ್ರೆ ಕಹಿ ಆಗುತ್ತೆ ಅಂತ ಇವ್ರು ಒಂದ್ಮಾತು ತಿಳಿಸ್ಬೋದಿತ್ತಲ್ಲ?”

“ಹೇಳಿದ್ನಲ್ಲ,” ಎಂದು ರಂಗಮ್ಮ ನನ್ನ ಕಡೆ ತಿರುಗಿದಳು. “ಮೇಷ್ಟ್ರೇ, ನಿಮ್ಗೇ ಅಲ್ವಾ ಹೇಳಿದ್ದು? ಅವ್ರು ಓದಿದೋರು, ನಿಂಗೇನ್ ಗೊತ್ತು, ಅಂಗೇ ಬುಡಮ್ಮ ಅಂದ್ರಿ.”

ಅಂದಿದ್ದೆ. ಆಕೆಗೆ ಫೋನಿಲ್ಲ, ನನ್ನ ಫೋನಿಗೆ ಬಂದ ಬ್ರೂವರಿಯ ಮಾತನ್ನು ಮುಟ್ಟಿಸಿದವನು ನಾನು, ಆಕೆಯ ಉತ್ತರವನ್ನು ನುಂಗಿ ಮರೆತವನೂ ನಾನೇ. ಅಷ್ಟು ಹೊತ್ತು ಮ್ಯಾನೇಜರನ ಮೇಲೆ ಹಾರಿದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ನಾಚಿಕೆಯಾಯಿತು. ಅದೇ ಜನರೆದುರು ಒಂದೇ ವಾಕ್ಯ ಹೇಳಿದೆ: “ರಾಗಿ ಚೆನ್ನಾಗಿದೆ, ತಪ್ಪು ನನ್ನದು.”

ರಂಗಮ್ಮನ ಮುಖ ಸಡಿಲವಾಗಲಿಲ್ಲ. “ಇಲ್ಲಿ ಹೇಳಿದ್ರೆ ಏನ್ ಬಂತು?” ಎಂದು ಸೆರಗು ಸಿಕ್ಕಿಸಿಕೊಂಡಳು. “ನಡೀರಿ ಮೇಷ್ಟ್ರೇ, ನಮ್ ಬೀದೀಲಿ ಹೇಳೀರಂತೆ. ಮನೆಮನೆಗೂ.”