ಹುಟ್ಟು ಹಿಡಿದ ಸೊಸೆ

ಯಂಕಮ್ಮನಿಗೆ ಬಂಗಾರದ ಆಸೆ ಇರಲಿಲ್ಲ, ಸೀರೆಯ ಆಸೆಯೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಸೇಡಂನ ಅಂಬಿಗರ ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಕಾಗಿಣಾ ಹೊಳೆ ತುಂಬಿ ಬಂದಾಗ ಹರಿಗೋಲಿನಲ್ಲಿ ಜನರನ್ನು ಕೂಡಿಸಿಕೊಂಡು, ತಾನೇ ಹುಟ್ಟು ಹಾಕುತ್ತ, ಆ ದಡ ಮುಟ್ಟಿಸಬೇಕು ಎಂಬುದೇ ಆ ಆಸೆ.

ಇದು ಅವಳಿಗೆ ತವರಿನಿಂದ ಅಂಟಿಕೊಂಡು ಬಂದ ಹುಚ್ಚು. ತವರು ಮಳಖೇಡದ ಕಡೆ, ಇದೇ ಹೊಳೆಯ ದಡದಲ್ಲಿ. ಗಂಡುಮಕ್ಕಳಿಲ್ಲದ ಅಪ್ಪ ಮಗಳ ಕೈಗೇ ಹುಟ್ಟು ಕೊಟ್ಟಿದ್ದ. ಹರಿಗೋಲೆಂದರೆ ಏನು, ಎಮ್ಮೆಯ ತೊಗಲು ಹೊದಿಸಿದ ದುಂಡನೆಯ ಬಿದಿರಬುಟ್ಟಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಕೈ ಪಳಗದವನು ಹುಟ್ಟು ಹಿಡಿದರೆ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಯಂಕಮ್ಮನ ಕೈಯಲ್ಲಿ ಮಾತ್ರ ಅದು ಹೇಳಿದ ಹಾಗೆ ಕೇಳುತ್ತಿತ್ತು. ಆದರೆ ಅವಳು ದೊಡ್ಡವಳಾದ ದಿನವೇ ಅಪ್ಪ ಹುಟ್ಟು ತೆಗೆದು ಅಟ್ಟದ ಮೇಲಿಟ್ಟ. "ಸಾಕವ್ವ, ಮಂದಿ ನಗ್ತದ" ಎಂದ. ಮಂದಿಗೇನು, ನಗಲು ಒಂದು ನೆಪ ಸಿಕ್ಕರೆ ಸಾಕು!

ಸೇಡಂನ ಅಂಬಾರಾಯನಿಗೆ ಅವಳನ್ನು ಕೊಟ್ಟರು. ಅಂಬಾರಾಯ ಮೆತ್ತನೆಯ ಮನುಷ್ಯ. ಅತ್ತೆ ಹೀರಾಬಾಯಿ ಮಾತ್ರ ಮೆತ್ತಗಿರಲಿಲ್ಲ. ಆಕೆ ಈ ದಡದಲ್ಲಿ ಬೈದರೆ ಆ ದಡದ ಎಮ್ಮೆ ಕಿವಿ ನಿಮಿರಿಸುತ್ತಿತ್ತಂತೆ. ಹೆಂಗಸು ಹುಟ್ಟು ಮುಟ್ಟಿದರೆ ಗಂಗವ್ವ ಮುನಿಯುತ್ತಾಳೆ ಎಂದು ಹೇಳಿ, ಸಂಜೆಯಾದೊಡನೆ ಮಗನ ಹುಟ್ಟನ್ನು ತಂದು ತನ್ನ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆಕೆಯ ಗಂಡ ಒಂದು ಮಹಾಪೂರದಲ್ಲಿ ಹರಿಗೋಲು ಸಮೇತ ಹೋಗಿಬಿಟ್ಟಿದ್ದ. ಅಂದಿನಿಂದ ಹೀರಾಬಾಯಿ ಆ ಹೊಳೆಯ ನೀರು ಕುಡಿದಳು, ಅದರಲ್ಲೇ ಬಟ್ಟೆ ಒಗೆದಳು, ಆದರೆ ಹರಿಗೋಲಿಗೆ ಕಾಲಿಡಲಿಲ್ಲ.

ಅಂಬಾರಾಯನಿಗೆ ಹೆಂಡತಿಯ ಮನಸ್ಸು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಅವನು ಹುಟ್ಟು ಹಾಕುವಾಗ ದಡದಲ್ಲಿ ನಿಂತ ಇವಳ ಭುಜ ತಾನಾಗಿ ಅಲುಗುತ್ತಿತ್ತು. ಒಂದು ದಿನ ಬೇವಿನ ಹಲಗೆಯಲ್ಲಿ ಸಣ್ಣ ಹುಟ್ಟೊಂದನ್ನು ಕೆತ್ತಿ ತಂದ. "ಇದೇನೋ?" ಎಂದಳು ಹೀರಾಬಾಯಿ. "ಅಂಬಲಿ ತಿರುವಲಿಕ್ಕ ಬೇ" ಎಂದ. ಅಷ್ಟುದ್ದದ ಕೋಲಿನಿಂದ ಅಂಬಲಿ ತಿರುವಲು ಊರಿಗೆಲ್ಲ ಸಾಲುವ ಹಂಡೆ ಬೇಕು! ಬಟ್ಟೆ ಒಗೆಯುವ ನೆಪದಲ್ಲಿ ಯಂಕಮ್ಮ ಹೊಳೆಗೆ ಹೋಗುತ್ತಿದ್ದಳು. ಹೊಳೆಯ ತಿರುವಿನ ಮರೆಯಲ್ಲಿ ಗಂಡ ಹರಿಗೋಲು ತಂದು ನಿಲ್ಲಿಸುತ್ತಿದ್ದ. ಅಲ್ಲಿ ಇಬ್ಬರೂ ನಕ್ಕ ಹಾಗೆ ಮನೆಯಲ್ಲಿ ಎಂದೂ ನಗಲಿಲ್ಲ.

ಆ ಆಸೆ ಬರೀ ಆಸೆಯಾಗಿ ಉಳಿಯದಂತೆ ಮಾಡಿದ್ದು ಒಂದು ಶ್ರಾವಣದ ಮಧ್ಯಾಹ್ನ. ಒಕ್ಕಲಿಗರ ಓಣಿಯ ಶಿವಕಾಂತಮ್ಮನಿಗೆ ಹೆರಿಗೆ ಬೇನೆ. ಹೆರಿಗೆ ಮಾಡಿಸುವುದರಲ್ಲಿ ಹೆಸರಾದ ಸೂಲಗಿತ್ತಿ ಖುರ್ಷಿದಬೇಗಂ ಆ ದಡದ ಹಳ್ಳಿಯವಳು. ಈ ದಡದಿಂದ ಕೂಗಿ ಕರೆದದ್ದಕ್ಕೆ ಅವಳು ಬಂದು ಆ ದಡದಲ್ಲಿ ನಿಂತಿದ್ದಳು. ಆದರೆ ಅಂಬಿಗರ ಓಣಿಯ ಗಂಡಸರೆಲ್ಲ ಯಾರದೋ ಮದುವೆಗೆಂದು ಚಿತ್ತಾಪುರಕ್ಕೆ ಹೋಗಿದ್ದರು. ಅಂದು ಹೊಳೆ ದಾಟಿಸುವ ಪಾಳಿಯವನು ಸೇಂದಿ ಕುಡಿದು ಬಿದ್ದಿದ್ದ. "ಅರೇ, ಯಾರರೆ ಬರ್ರೆವ್ವ! ಅಲ್ಲಿ ಜೀವ ಹೊಂಟದ!" ಎಂದು ಬೇಗಂ ಕೂಗಿಯೇ ಕೂಗಿದಳು. ಹರಿಗೋಲು ಈ ದಡದಲ್ಲಿತ್ತು, ಹುಟ್ಟೂ ಇತ್ತು. ಯಂಕಮ್ಮ ಓಡಿಹೋಗಿ ಹುಟ್ಟಿಗೆ ಕೈ ಹಾಕಿದಳು. ನೆರೆದ ಹೆಂಗಸರೇ ಅವಳ ರಟ್ಟೆ ಹಿಡಿದು ಎಳೆದರು. ಗಂಡಸೊಬ್ಬ ಬಂದು ದಾಟಿಸುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ಯಂಕಮ್ಮ ಅಂದು ಊಟ ಮಾಡಲಿಲ್ಲ. ತನ್ನ ರಟ್ಟೆ ಬಿಡಿಸಿಕೊಳ್ಳಲು ತನಗೆ ಕಸುವಿತ್ತು, ಧೈರ್ಯ ಇರಲಿಲ್ಲ ಎಂಬುದೇ ಅವಳನ್ನು ತಿನ್ನುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ, ಹರಿಗೋಲನ್ನು ದಡಕ್ಕೆ ಎಳೆಯುವಾಗ ಅಂಬಾರಾಯನ ಭುಜದ ಕೀಲು ತಪ್ಪಿತು. ನಾಟಿ ವೈದ್ಯ ಕೂಡಿಸಿದ, ಆದರೆ ಆ ಕೈ ಮೇಲೆ ಏಳಲೊಲ್ಲದು. ಹೊಳೆ ದಾಟಿಸುವುದಕ್ಕೆ ಅಂಬಿಗರಲ್ಲಿ ಮನೆಗೊಂದು ಪಾಳಿ. ವರ್ಷವಿಡೀ ದಾಟಿಸಿದ್ದಕ್ಕೆ ರಾಶಿಯ ಕಾಲದಲ್ಲಿ ರೈತರು ಕಣದಲ್ಲೇ ಜೋಳ ಅಳೆದು ಕೊಡುತ್ತಿದ್ದರು. ಹುಟ್ಟು ಹಿಡಿಯುವ ಕೈ ಮನೆಯಲ್ಲಿ ಇಲ್ಲವೆಂದರೆ ಪಾಳಿ ಬೇರೆ ಮನೆಗೆ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ.

ಮಿರಗದ ಮಳೆ, ಎಂದರೆ ಮೃಗಶಿರೆಯ ಮೊದಲ ಮಳೆ, ಬಿದ್ದು ಹೊಳೆಗೆ ಕೆಂಪು ನೀರು ಬಂದಾಗ ದೈವದವರು, ಎಂದರೆ ಅಂಬಿಗರ ಪಂಚರು, ದಡದಲ್ಲಿ ಕೂಡಿದರು. ಹಿರಿಯ ಸಾಯಬಣ್ಣ, ಅಂಬಾರಾಯನಿಗೆ ದೊಡ್ಡಪ್ಪ ಆಗಬೇಕಾದವನು, ಪಾಳಿಯ ಮಾತು ತೆಗೆದ. ಅಂಬಾರಾಯ ತಲೆ ತಗ್ಗಿಸಿದ. ಆಗ ಯಂಕಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ಮಾವಾ, ನಮ್ಮ ಮನ್ಯಾಗ ಕೈ ಐತ್ರಿ. ನಂದ ಐತಿ."

ನಗೆ ಎದ್ದಿತು. ಸಾಯಬಣ್ಣ ನಗಲಿಲ್ಲ. ಅವನು ಕೆಟ್ಟವನಲ್ಲ, ಬರೀ ಹಟಮಾರಿ. "ಹಂಗಾದ್ರ ದಾಟಿ ಬಾ. ಹೋಗಿ ಬರಬೇಕು. ಆದ್ರ ಹರಗೋಲದಾಗ ಗಂಡಸ ಯಾರೂ ಕೂಡಬಾರ್ದು. ನಾಳಿ ಅವನ ದಾಟಿಸಿದ ಅಂತ ಮಾತು ಬರ್ತದ."

ಖಾಲಿ ಹರಿಗೋಲು ನೀರಿನ ಮೇಲೆ ನಿಲ್ಲುವುದಿಲ್ಲವೆಂದು ಅಂಬಿಗರ ಕೂಸಿಗೂ ಗೊತ್ತು. ಗಾಳಿ ಬೀಸಿದತ್ತ ಓಡುತ್ತದೆ. ಭಾರ ಬೇಕು. ಹೆಂಗಸರ ಕಡೆ ನೋಡಿದಳು. ಒಬ್ಬೊಬ್ಬರೂ ಹಿಂದೆ ಸರಿದರು. ಯಂಕಮ್ಮ ದಡದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಹೊತ್ತು ಹರಿಗೋಲಿಗೆ ಹಾಕಿದಳು. ಇಲ್ಲೇ ಅವಳು ತಪ್ಪಿದ್ದು. ನಡುಹೊಳೆಯ ಸೆಳೆತಕ್ಕೆ ಸಿಕ್ಕಿ ಹರಿಗೋಲು ಗರಕ್ಕನೆ ತಿರುಗಿದಾಗ, ಮನುಷ್ಯರಾಗಿದ್ದರೆ ಜೀವದಾಸೆಗೆ ಎದುರು ಮಗ್ಗುಲಿಗೆ ಸರಿಯುತ್ತಿದ್ದರು. ಕಲ್ಲುಗಳು ಅಷ್ಟೂ ಒಂದೇ ಮಗ್ಗುಲಿಗೆ ಉರುಳಿದವು. ಅಂಚು ಬಾಗಿತು, ಒಳಗೆ ನೀರು ನುಗ್ಗಿತು. ಕಲ್ಲುಗಳನ್ನು ಹೊಳೆಗೆ ಎಸೆದು, ಹೇಗೋ ಹೆಣಗಾಡಿ, ಬಿಟ್ಟ ದಡಕ್ಕೇ ಬಂದು ತಲುಪಿದಳು. ಮೈಯೆಲ್ಲ ತೊಯ್ದು ತೊಪ್ಪೆ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

"ಮುಗೀತಲ್ಲವ್ವ" ಎಂದ ಸಾಯಬಣ್ಣ, ಪಾಪ, ಮೆಲ್ಲಗೆ.

ಯಂಕಮ್ಮನ ಕಣ್ಣು ತುಂಬಿ ಬಂತು. ಹರಿಗೋಲಿನ ನೀರನ್ನು ಬೊಗಸೆಯಿಂದ ಚೆಲ್ಲುತ್ತ ಕುಳಿತಳು, ಮುಖ ಎತ್ತಲಿಲ್ಲ. ಆಗ ಹಿಂದಿನಿಂದ ಆ ಪರಿಚಿತ ಗಂಟಲು ಕೇಳಿಸಿತು.

"ಯಾಂವ ಅವ ಸಿಳ್ಳಿ ಹೊಡದಾಂವ? ಮುಂದ ಬಾ, ನಿನ್ನ ಹಲ್ಲ ಎಣಸ್ತೀನಿ!"

ಹೀರಾಬಾಯಿ ಜನರನ್ನು ತಳ್ಳಿಕೊಂಡು ಬಂದಳು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡಳು. ಅಂಬಾರಾಯ ಬೆರಗಾಗಿ "ಯವ್ವಾ" ಎನ್ನುವಷ್ಟರಲ್ಲಿ ಒಂದು ಕಾಲು ಹರಿಗೋಲಿನೊಳಗೆ ಇಟ್ಟೇಬಿಟ್ಟಿದ್ದಳು. ಯಂಕಮ್ಮ ಕೈ ಕೊಟ್ಟಳು.

"ಕಲ್ಲ ಯಾಕ ಹೇರತಿ? ನಾ ಏನ ಹಗುರ ಇದ್ದೀನೇನು?" ಎಂದಳು ಅತ್ತೆ. "ಭಾವಾ, ನಾ ಗಂಡಸಲ್ಲ ನೋಡು. ನಿನ್ನ ಮಾತು ಮುರದಿಲ್ಲ."

ಹರಿಗೋಲು ನೀರಿಗೆ ಇಳಿಯಿತು. ಹೀರಾಬಾಯಿ ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದಳು. ಸೆಳೆತ ಬಂದು ಹರಿಗೋಲು ಒಂದು ಸುತ್ತು ತಿರುಗಿದಾಗ ಬಾಯಿಬಿಟ್ಟಳು.

"ಅಂಬಲಿ ಕೋಲು ಅಂದ್ರ ನಾ ನಂಬತೀನೇನ? ಎಲ್ಲಾ ಗೊತ್ತಿತ್ತು ನನಗ."

"ಮತ್ತ ಯಾಕ ಹುಟ್ಟ ಮುಟ್ಟಗೊಡಲಿಲ್ರಿ ಅತ್ತಿ?"

"ಇದು ನನ್ನ ಗಂಡನ್ನ ನುಂಗಿದ ನೀರು. ನಿನ್ನೂ ನುಂಗಿದ್ರ ನಾ ಯಾರ ಕೂಡ ಜಗಳಾಡ್ಲಿ?" ಎಂದು ಗದರಿದಳು. "ಹುಟ್ಟ ಮುಚ್ಚಿಟ್ರೂ ನೀ ಬಿಡಲಿಲ್ಲ. ಹಾಕು, ಹುಟ್ಟ ಹಾಕು, ನನ್ನ ಮಾರಿ ಏನ ನೋಡ್ತಿ?"

ಯಂಕಮ್ಮ ಅಳುತ್ತಲೇ ಹುಟ್ಟು ಹಾಕಿದಳು. ಅತ್ತೆ ಕಣ್ಣು ತೆರೆದಳು. ಸೊಸೆ ಎಡಕ್ಕೆ ಹಾಕಿದರೆ ತಾನು ಬಲಕ್ಕೆ ಸರಿದಳು, ಬಲಕ್ಕೆ ಹಾಕಿದರೆ ಎಡಕ್ಕೆ. ಎಷ್ಟಾದರೂ ಅಂಬಿಗರ ಹೆಣ್ಣಲ್ಲವೇ. ಆ ದಡ ಮುಟ್ಟಿ, ಒಂದು ಗಳಿಗೆ ಉಸಿರು ತೆಗೆದುಕೊಂಡು, ತಿರುಗಿ ಬಂದರು. ಸಾಯಬಣ್ಣ ರುಮಾಲು ತೆಗೆದು ತಲೆ ಕೆರೆದುಕೊಂಡು, "ಪಾಳಿ ಇವರ ಮನ್ಯಾಗ ಇರಲಿ" ಎಂದ. ಅಂಬಾರಾಯ ನೀರಿಗಿಳಿದು, ನೆಟ್ಟಗಿದ್ದ ಕೈಯಿಂದ ಹರಿಗೋಲನ್ನು ಹಿಡಿದುಕೊಂಡ. ಅವನ ಮುಖ ನೋಡಲು ಯಂಕಮ್ಮನಿಗೆ ನಾಚಿಕೆಯಾಯಿತು.

ಹೀರಾಬಾಯಿ ಮಾತ್ರ ಕೆಳಗಿಳಿಯಲಿಲ್ಲ. ದಡದಲ್ಲಿ ಬುಟ್ಟಿ, ಕೂಸು ಹೊತ್ತು ನಿಂತ ಹೆಂಗಸರನ್ನು ನೋಡಿ, ಹರಿಗೋಲಿನಲ್ಲಿ ಒತ್ತಟ್ಟಿಗೆ ಸರಿದು ಜಾಗ ಮಾಡಿದಳು.

"ಬರ್ರಿ, ಕುಂದ್ರಿ" ಎಂದಳು. "ನಮ್ಮ ಸೊಸಿ ದಾಟಸ್ತಾಳ."

ಮೊದಲು ಬಂದು ಹತ್ತಿದವಳು, ಆ ಶ್ರಾವಣದಲ್ಲಿ ಕೂಸು ಕಳೆದುಕೊಂಡ ಶಿವಕಾಂತಮ್ಮ.